ಒಂದು ಮೊಳ ಹೂವು

ಹಿರಿಯೂರಿನ ಬಳಿ ವೇದಾವತಿಗೆ ಮಾರಿಕಣಿವೆಯ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ; ಅದಕ್ಕೂ ಬಹಳ ಹಿಂದೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ, ಸಂಜೆ ಕೂಲಿಯವರಿಗೆ ಮಣ್ಣಿನ ಗುಡ್ಡೆಗಳನ್ನು ತೋರಿಸಿ, ಅವರವರ ಗುಡ್ಡೆಯೊಳಗೆ ಅವರವರ ದುಡಿಮೆಗೆ ತಕ್ಕಷ್ಟೇ ಹಣ ದೊರೆಯುವಂತೆ ಮಾಡಿದರೆಂಬ ಐತಿಹ್ಯವನ್ನು ಚಿತ್ರದುರ್ಗ ಸೀಮೆಯಲ್ಲಿ ಕೇಳದವರು ವಿರಳ. ಪವಾಡವನ್ನು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ನನಗೆ ಮಾತ್ರ, ಮಳೆ ಅಪರೂಪವಾದ ಈ ನಾಡಿನಲ್ಲಿ ಸಂತರೊಬ್ಬರು ಕೆರೆ ಕಟ್ಟುವುದನ್ನೇ ಸೇವೆಯೆಂದು ಬಗೆದರೆಂಬುದೂ, ದೇವರ ಹೆಸರಿನಲ್ಲಿ ಯಾರ ಕೂಲಿಯನ್ನೂ ಮುರಿಯಲಿಲ್ಲವೆಂಬುದೂ ಪವಾಡಕ್ಕಿಂತ ಹಿರಿದಾಗಿ ತೋರುತ್ತದೆ.

ಒಮ್ಮೆ ಹೊಳಲ್ಕೆರೆಯ ಬಯಲು ಗಣಪತಿಯ ದರ್ಶನಕ್ಕೆ ಹೋದಾಗ, ಹೂ ಮಾರುವ ಮುದುಕಿಯೊಬ್ಬಳು ಸೇವಂತಿಗೆಯ ಸರವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಕತ್ತರಿಸುವ ಮುನ್ನ ಇನ್ನೂ ನಾಲ್ಕು ಬೆರಳು ಮುಂದಕ್ಕೆ ಸರಿಸಿದಳು. ಕಾರಣ ಕೇಳಿದೆ.

“ನನ್ ಕೈ ಗಿಡ್ಡ ಕಣಪ್ಪಾ. ಮೊಳ ಗಿಡ್ಡ ಆಗಬಾರ್ದಲ್ಲ?”

ಧರ್ಮದ ವಿಷಯವಾಗಿ ಗಂಟೆಗಟ್ಟಲೆ ಉಪನ್ಯಾಸ ಮಾಡಬಲ್ಲ (ಮಾಡಿಯೂ ಇರುವ) ನಾನು, ಅಂದು ಬೆಳಗ್ಗೆಯಷ್ಟೇ ಹೊಸದುರ್ಗದಲ್ಲಿ ಕಾಯಿ ಮಾರುವವನೊಡನೆ ಚಿಲ್ಲರೆ ಕಾಸಿಗಾಗಿ ಜಗಳವಾಡಿ ಬಂದಿದ್ದೆ. ನಾನು ಉತ್ತರ ಹುಡುಕುವಷ್ಟರಲ್ಲಿ ಆಕೆ ಹೂವನ್ನು ಎಲೆಯಲ್ಲಿ ಕಟ್ಟಿಕೊಟ್ಟು, ಮುಂದಿನವರಿಗೆ ಅಳೆಯತೊಡಗಿದ್ದಳು.