ಕಾರಿನಡಿ ನುಸುಳುವವರ ಮಾಸ್ತರ

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡ್ ಕಣಕ್ಕೆ ಆಂಡಿ ಮ್ಯಾಕ್‌ಡೊನಾಲ್ಡ್ ಇಳಿದಾಗ ಅವರಿಗೆ 51 ವರ್ಷ. ಹಿಂದಿನ ದಿನ ಮಹಿಳೆಯರ ವಿಭಾಗದಲ್ಲಿ ಆಡಿದ್ದ ಚೀನಾದ ಝೆಂಗ್ ಹಾವ್‌ಹಾವ್‌ಗೆ 11. ಆಂಡಿಗೆ ಪದಕ ಬರಲಿಲ್ಲ, 18ನೆಯವರಾದರು. ಆದರೆ ನಾವಿರುವ ಸ್ಯಾನ್ ಡಿಯಾಗೋ ಸೀಮೆಯ ಹುಡುಗರಿಗೆ ಪದಕ ಯಾರದ್ದೆಂಬುದು ಮರೆತುಹೋಗಿದೆ, ಆಂಡಿಯನ್ನು ಮರೆತಿಲ್ಲ. ಇಲ್ಲಿನ ಸ್ಕೇಟ್ ಪಾರ್ಕುಗಳಲ್ಲಿ ನರೆತ ಗಡ್ಡದವರು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಬರುತ್ತಾರೆ, ಮಕ್ಕಳು ತಾವಾಗಿ ಸರಿದು ಜಾಗ ಬಿಡುತ್ತಾರೆ. ಹಲಗೆಯ ಹುಚ್ಚು ಹಿಡಿದಿರುವ ನನ್ನ ಮಗಳು ಒಂದು ದಿನ ಕೇಳಿದಳು: "ಅಪ್ಪಾ, ನಿಮ್ಮ ಊರಿನಲ್ಲೂ ಇಂಥವರು ಇದ್ದಾರಾ?"

ನಮ್ಮೂರು ಬೆಳಗಾವಿ. ಕುಂದಾ, ಕ್ಯಾಂಪಿನ ಮರಗಳು, ಕೋಟೆ ಕೆರೆ, ಮುಗಿಯದ ಗಡಿ ವಾದ, ಇಷ್ಟು ಹೇಳಿದರೆ ನಮ್ಮ ಕನ್ನಡ ಕೂಟದ ಅರ್ಧ ಜನಕ್ಕೆ ಊರು ಕಣ್ಣಿಗೆ ಬರುತ್ತದೆ. ಗಾಲಿಯ ಕಾರಣಕ್ಕೂ ಊರಿನ ಹೆಸರು ಜಗತ್ತು ಸುತ್ತಿದೆ ಎಂಬುದು ಅಲ್ಲಿಯವರಿಗೇ ಅಷ್ಟಾಗಿ ನೆನಪಿಲ್ಲ. 2011ರ ಫೆಬ್ರುವರಿ 17ರಂದು ರೋಹನ್ ಅಜಿತ್ ಕೋಕಣೆ ಎಂಬ ಬೆಳಗಾವಿಯ ಹುಡುಗ ಸಾಲಾಗಿ ನಿಂತ ಕಾರುಗಳ ಕೆಳಗೆ 38.68 ಮೀಟರ್ ಸ್ಕೇಟ್ ಮಾಡಿ ಗಿನ್ನೆಸ್ ದಾಖಲೆ ಬರೆದ. ಅದಕ್ಕೂ ಮೊದಲೇ ಆರು ವರ್ಷದ ಅನಿಕೇತ್ ಚಿಂಡಕ 57 ಕಾರುಗಳ ಕೆಳಗಿಂದ 45 ಸೆಕೆಂಡಿನಲ್ಲಿ ಹೊರಬಂದನೆಂದು ದೇಶವಿದೇಶದ ಪತ್ರಿಕೆಗಳು ಬರೆದಿದ್ದವು. ಲಿಂಬೋ ಸ್ಕೇಟಿಂಗ್ ಅಂದರೆ ಇದೇ. ಕಾಲಿಗೆ ನಾಲ್ಕು ಗಾಲಿಯ ಸ್ಕೇಟು, ಎರಡೂ ಕಾಲು ಪಕ್ಕಕ್ಕೆ ನೆಲಕ್ಕೆ ತಾಗುವಷ್ಟು ಚಾಚಿರಬೇಕು, ಎದೆ ಮುಂದಕ್ಕೆ ಬಾಗಿ ಗದ್ದ ನೆಲದಿಂದ ಗೇಣಿನೊಳಗೆ ಇರಬೇಕು. ನಮ್ಮ ಸಾಮಾನ್ಯ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಹದಿನಾರು ಹದಿನೇಳು ಸೆಂಟಿಮೀಟರ್, ಎತ್ತರದ ಜೀಪಿನಂಥ ವಾಹನವಾದರೆ ಇಪ್ಪತ್ತರ ಆಸುಪಾಸು.

ರಜೆಯಲ್ಲಿ ಊರಿಗೆ ಹೋದಾಗ ಮಗಳು ತನ್ನ ಹಲಗೆಯನ್ನೂ ಹೊತ್ತು ತಂದಿದ್ದಳು. ತಿಲಕವಾಡಿಯಲ್ಲಿರುವ ನನ್ನ ಸೋದರಳಿಯ "ಮಾಸ್ತರನ್ನ ನೋಡದೆ ಹೋದರೆ ಬೆಳಗಾವಿಗೆ ಬಂದಂಗಽ ಅಲ್ಲ" ಎಂದು ಒಂದು ಮುಂಜಾನೆ ಕರೆದುಕೊಂಡು ಹೋದ. ಲಿಂಬೋ ಸ್ಕೇಟಿಂಗ್ ಕಲಿಸುವ ಆ ಮಾಸ್ತರರ ಹೆಸರು ಇಲ್ಲಿ ಬರೆಯುವುದಿಲ್ಲ. "ಹುಡುಗ್ರ ಹೆಸರ ಹಾಕ್ರಿ, ನಂದ್ಯಾಕ" ಅಂದಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು, ಒಣ ಮೈಕಟ್ಟು, ಕೊರಳಲ್ಲಿ ಸೀಟಿ. ರಿಂಕಿನ ಅಂಚಿನಲ್ಲಿ ತಾಯಂದಿರು ಟಿಫಿನ್ ಡಬ್ಬಿ ಹಿಡಿದು ಕೂತಿದ್ದರು. ಮಕ್ಕಳು ಮರಾಠಿಯಲ್ಲಿ ಜಗಳಾಡಿ ಕನ್ನಡದಲ್ಲಿ ಚಾಡಿ ಹೇಳುತ್ತಿದ್ದರು, ಇವರು ಎರಡರಲ್ಲೂ ಗದರುತ್ತಿದ್ದರು.

ನನ್ನ ಕಣ್ಣು ಹುಡುಗರ ಕಡೆ ಹೋಗಿದ್ದನ್ನು ಕಂಡು ಹೇಳಿದರು: "ನೆಲ ನೋಡ್ರಿ ಸರ ಮೊದಲ. ಹುಡುಗ್ರನ್ನ ಆಮ್ಯಾಲ ನೋಡಿದ್ರಾತು." ಬಿಟ್ಟ ಬಿರುಕು, ಎದ್ದ ಕಲ್ಲು, ಗಾಳಿ ತಂದು ಹರಡಿದ ಕೆಂಪು ಧೂಳು. ಬೆಳಗಾವಿಯ ಮಣ್ಣು ಕೆಂಪು, ನಯ, ಎಲ್ಲಿ ಬೇಕಾದರೂ ನುಗ್ಗುತ್ತದೆ. ಅದು ಬೇರಿಂಗಿಗೆ ಹೊಕ್ಕರೆ ಗಾಲಿ ಗರಗರ ಅನ್ನುತ್ತದೆ, ವೇಗ ಸಾಯುತ್ತದೆ. "ಕಾರಿನ ಕೆಳಗ ಕಾಲ ಒದಿಯಾಕ ಬರೂದಿಲ್ರಿ. ಒಳಗ ಹೋಗೂಕಿಂತ ಮೊದಲ ಎಷ್ಟ ವೇಗ ಗಳಿಸಿರ್ತಾನ, ಅಷ್ಟರಾಗಽ ಹೊರಗ ಬರಬೇಕ. ನಡುವ ನಿಂತ್ರ ತಲಿ ಎತ್ತಬಾರದು. ಎತ್ತಿದ್ರ ಮುಗೀತು." ಹಾಗಾಗಿ ಅವರು ಮೊದಲ ಕೆಲವು ತಿಂಗಳು ಕಾರಿನ ಸುದ್ದಿಯನ್ನೇ ಎತ್ತುವುದಿಲ್ಲ. ಕಂಬಗಳ ನಡುವೆ ಕಟ್ಟಿದ ದಾರ, ಅದನ್ನು ದಿನಕ್ಕಿಷ್ಟೆಂದು ಇಳಿಸುವುದು, ಅಷ್ಟೇ. ದಾರ ತಾಗಿದರೆ ಬೆನ್ನಿಗೆ ಕಚಗುಳಿ, ಗಾಯವಿಲ್ಲ.

ಮಗಳ ಹಲಗೆಯನ್ನು ತಿರುವಿ ಹಾಕಿ ಗಾಲಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದರು. ನಾವು ಅವಳ ಬೋರ್ಡಿನ ಚಿತ್ರ, ಬಣ್ಣ, ಬೆಲೆ ನೋಡಿದವರು. ಅವರು ಕಿವಿಗೊಟ್ಟರು. "ಆರುನೂರಾ ಎಂಟು," ಅಂದರು. ಸ್ಕೇಟ್‌ಬೋರ್ಡಿಗೂ ಕಾಲಿಗೆ ಕಟ್ಟುವ ಸ್ಕೇಟಿಗೂ ಸಾಮಾನ್ಯವಾಗಿ ಬಳಸುವ ಬೇರಿಂಗ್ ಒಂದೇ, 608: ಒಳರಂಧ್ರ 8 ಮಿಲಿಮೀಟರ್, ಹೊರಸುತ್ತು 22, ದಪ್ಪ 7. ಪುಟ್ಟ ಮೋಟಾರುಗಳಲ್ಲೂ ಅದೇ ಇರುತ್ತದೆ. ಕ್ಯಾಲಿಫೋರ್ನಿಯಾದ ಬೋರ್ಡಿನದನ್ನು ಕಿತ್ತು ಬೆಳಗಾವಿಯ ಹುಡುಗನ ಸ್ಕೇಟಿಗೆ ಹಾಕಬಹುದು, ಹೊಂದಿಕೊಳ್ಳುತ್ತದೆ. ಮಗಳ ಬೇರಿಂಗ್ ಅವರಿಗೆ ಹಿಡಿಸಲಿಲ್ಲ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಡುವುದನ್ನು ಅವಳ ಕೈಯಲ್ಲೇ ಮಾಡಿಸಿದರು. ಮನೆಯಲ್ಲಿ ಲೋಟ ತೊಳೆಯದವಳು ಎರಡು ತಾಸು ಕೂತು ತೊಳೆದಳು.

ಅವರ ಮನೆ ಖಾನಾಪುರ. ಭಾನುವಾರ ಬನ್ನಿ ಅಂದರು, ಹೋದೆವು. ಪೀರನವಾಡಿ, ಮಚ್ಛೆ ದಾಟಿದ ಮೇಲೆ ಕಾರ್ಖಾನೆಗಳು ತೆಳುವಾಗಿ ಹಸಿರು ದಟ್ಟವಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರದ ಮಗ್ಗುಲಲ್ಲಿ ಇನ್ನೂ ಎಳೆಯ ಹೊಳೆ. ಮಣ್ಣು ಒಳ್ಳೆಯದಾದ್ದರಿಂದ ಈ ಊರಿಗೆ ಹಂಚು, ಇಟ್ಟಿಗೆ, ಮಡಕೆಯ ಹೆಸರು. ಮಾಸ್ತರರು ಹುಟ್ಟಿ ಬೆಳೆದ ಓಣಿ ಇಳಿಜಾರಿನದು. ಅಲ್ಲಿ ನಿಂತು ಅವರು ಹೇಳಿದ್ದು ಬೇರಿಂಗ್ ಗಾಡಿಯ ಕತೆ. ಲಾರಿ ಗ್ಯಾರೇಜಿನವರು ಸವೆದವೆಂದು ಎಸೆದ ಬೇರಿಂಗು ಮೂರು, ಒಂದು ಹಲಗೆ, ಅಡ್ಡಕ್ಕೊಂದು ರಿಪೀಸು, ತಿರುಗಿಸಲು ಹಗ್ಗ. ಕಬ್ಬಿಣ ಡಾಂಬರಿನ ಮೇಲೆ ಉರುಳುವ ಸದ್ದಿಗೆ ಓಣಿಯ ಮುದುಕರು ಬಡಿಗೆ ಹಿಡಿದು ಹೊರಗೆ ಬರುತ್ತಿದ್ದರಂತೆ. ನನ್ನ ಓರಗೆಯವರಲ್ಲಿ ಅದನ್ನು ಆಡದವರು ಕಡಿಮೆ, ಮಂಡಿಯ ಮೇಲಿನ ಕಲೆ ನನಗೂ ಇದೆ.

ಕ್ಯಾಲಿಫೋರ್ನಿಯಾದವರು ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಹಳೆಯ ರೋಲರ್ ಸ್ಕೇಟನ್ನು ಎರಡಾಗಿ ಬಿಡಿಸಿ ಹಲಗೆಯ ಕೆಳಗೆ ಮೊಳೆ ಹೊಡೆದರು. ಮಣ್ಣಿನ ಗಾಲಿ, ಲೋಹದ ಗಾಲಿ ಸಣ್ಣ ಕಲ್ಲಿಗೂ ನಿಂತು ಸವಾರನನ್ನು ಎಸೆಯುತ್ತಿದ್ದವು. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನಾಸ್ವರ್ದಿ ಎಂಬ ಯುವಕ ರಿಂಕುಗಳ ರೋಲರ್ ಸ್ಕೇಟಿಗೆಂದು ತಯಾರಾಗಿದ್ದ ಯುರೆಥೇನ್ ಗಾಲಿಗಳನ್ನು ಹಲಗೆಗೆ ಹಾಕಿ ನೋಡಿದ. ಗಾಲಿ ನೆಲವನ್ನು ಹಿಡಿಯಿತು, ಆಟವೇ ಬದಲಾಯಿತು. ಹಲಗೆಯವರು ಎಷ್ಟೇ ಬೀಗಿದರೂ ಗಾಲಿ ಸಾಲ ಪಡೆದದ್ದು ಸ್ಕೇಟಿನವರಿಂದ. ಇದನ್ನು ಮಾಸ್ತರರಿಗೆ ಹೇಳಿದಾಗ ಅವರ ಮುಖದಲ್ಲಿ ಬಂದ ಸಮಾಧಾನವನ್ನು ಮಗಳು ಗಮನಿಸಿ ನನ್ನನ್ನು ದುರುಗುಟ್ಟಿ ನೋಡಿದಳು.

ಊಟಕ್ಕೆ ಕೂತಾಗ ಅವಳು ಕೇಳಿಯೇಬಿಟ್ಟಳು, "ಅಜ್ಜಾ, ನೀವು ಎಷ್ಟು ಕಾರಿನ ಕೆಳಗೆ ಹೋಗಿದ್ದೀರಿ?"

"ಒಂದೂ ಇಲ್ಲವಾ. ನನಗ ಇದು ತಿಳಿಯೂಹೊತ್ತಿಗೆ ನನ್ನ ಸೊಂಟ ಬಲತಿತ್ತು."

ನಕ್ಕು ಹೇಳಿದ್ದೇ ಆದರೂ ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ. ಬಾಲ್ಯದಲ್ಲಿ ಸಡಿಲವಾಗಿರುವ ಸೊಂಟದ ಕೀಲು, ತೊಡೆಯ ಸ್ನಾಯು, ಗಿಡ್ಡ ಮುಂಡ, ಇವೇ ಈ ಕಲೆಯ ಬಂಡವಾಳ. ಎಲುಬು ಉದ್ದವಾದಂತೆ ಬಂಡವಾಳ ಕರಗುತ್ತದೆ. ರಿಂಕಿನಲ್ಲಿ ಸಣ್ಣವರಿಗೆ ಲೇಸು ಬಿಗಿಯುತ್ತಿದ್ದ ಒಬ್ಬ ಉದ್ದನೆಯ ಹುಡುಗನನ್ನು ತೋರಿಸಿ ಅವರು ಹಿಂದೆಯೇ ಹೇಳಿದ್ದರು, "ಇಂವಾ ರಿಟೈರ್ ಆಗ್ಯಾನ್ರಿ. ಹದಿಮೂರಕ್ಕ ಪೆನ್ಶನ್." ಆಂಡಿ ಮ್ಯಾಕ್‌ಡೊನಾಲ್ಡ್‌ಗೆ 51ರಲ್ಲೂ ತನ್ನ ಆಟವನ್ನು ತಾನೇ ಆಡಿ ತೋರಿಸುವ ಭಾಗ್ಯವಿತ್ತು. ಲಿಂಬೋದಲ್ಲಿ ಆಡುವ ವಯಸ್ಸಿಗೆ ಹೇಳಿಕೊಡುವ ತಿಳಿವಳಿಕೆ ಇರುವುದಿಲ್ಲ, ತಿಳಿವಳಿಕೆ ಬರುವಾಗ ಮೈ ಕಾರಿನಡಿ ಹಿಡಿಸುವುದಿಲ್ಲ. ಯಾರೋ ಒಬ್ಬರು ಹೊರಗೆ ಕುಕ್ಕರುಗಾಲಲ್ಲಿ ಕೂತು, ಗದ್ದ ನೆಲಕ್ಕೆ ತಾಗಿಸಿ, ಒಳಗಿನ ಹುಡುಗನ ಬೆನ್ನು ಎಷ್ಟು ಎತ್ತರವಿದೆ ಎಂದು ನೋಡುತ್ತಲೇ ಇರಬೇಕು. ನಮ್ಮ ಕೂಟದಲ್ಲಿ ಎಂದೂ ಡೊಳ್ಳು ಹೆಗಲಿಗೇರಿಸದ ಹಿರಿಯರೊಬ್ಬರು ಇಪ್ಪತ್ತು ಮಕ್ಕಳಿಗೆ ಡೊಳ್ಳು ಕಲಿಸುತ್ತಾರೆ. ಅವರನ್ನು ನಾವು ಬೆನ್ನ ಹಿಂದೆ ಆಡಿಕೊಂಡು ನಗುವುದುಂಟು. ಇನ್ನು ಮುಂದೆ ನನ್ನಿಂದ ಅದಾಗಲಿಕ್ಕಿಲ್ಲ.

ದಾಖಲೆಗಳ ಬಗ್ಗೆ ಒಂದು ಮಾತು ಹೇಳಬೇಕು. ಕಾರಿನ ಕೆಳಗೆ ಮಗುವನ್ನು ಬಿಡುವುದು ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಒಲಿಂಪಿಕ್ಸ್‌ಗೆ ಹೋಗದ, ಓದಿಗೆ ಅಂಕ ತರದ ಆಟವೊಂದಕ್ಕೆ ಹೆಸರು ತರುವುದು ದಾಖಲೆಯೇ ಆದ್ದರಿಂದ ಪಾಲಕರು ಅದರ ಹಿಂದೆ ಬೀಳುತ್ತಾರೆ. ಕೇಳಿದಾಗ ಮಾಸ್ತರರು ವಾದಕ್ಕೆ ಬರಲಿಲ್ಲ. "ಫೋಟೋ ಬೇಕಂತಾರ್ರಿ ಪಾಲಕ್ರು. ನಾ ಬೀಳೂದು ಕಲಸ್ತೀನಿ" ಅಂದರು. ಮಗಳಿಗೂ ಅದನ್ನೇ ಕಲಿಸಿದರು: ಹಿಂದಕ್ಕೆ ಬೀಳಬೇಡ, ಕೈಯೂರಬೇಡ, ಮೊಣಕಾಲಿನ ಪಟ್ಟಿಯ ಮೇಲೆ ಜಾರು. ಸ್ಯಾನ್ ಡಿಯಾಗೋದಲ್ಲಿ ಅವಳು ದುಡ್ಡು ಕೊಟ್ಟು ಸೇರಿದ ತರಗತಿಯಲ್ಲಿ ಹೇಳಿದ್ದೂ ಅಕ್ಷರಶಃ ಅದೇ.

ಹೊರಡುವಾಗ ಏನಾದರೂ ಕಳಿಸಲೇ ಎಂದು ಕೇಳಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ, ಪಟ್ಟಿಯೇ ಸಿದ್ಧವಿತ್ತು. ಮಗಳ ಬೋರ್ಡಿನಂಥ ಗಟ್ಟಿ ಗಾಲಿ ಕೂಡದು, ಅದು ನುಣುಪಾದ ಕಾಂಕ್ರೀಟಿಗೆ ಸರಿ, ನಮ್ಮ ನೆಲಕ್ಕೆ ಹಲ್ಲು ಉದುರುತ್ತವೆ. ಮೆತ್ತನೆಯವು ಬೇಕು, ಗಡಸುತನ ಎಂಬತ್ತೈದು ಎ ಮೀರಬಾರದು. ಹೆಲ್ಮೆಟ್ ಸಣ್ಣ ತಲೆಯವು. "ಮತ್ತ ಬಣ್ಣ ಎಲ್ಲಾ ಒಂದಽ ಇರಲಿ ಸರ. ಇಲ್ಲಂದ್ರ ಗುಲಾಬಿದ ಸಲವಾಗಿ ದಿನಾ ಜಗಳ, ನನಗ ಬಿಡಿಸಾಕ ಆಗೂದಿಲ್ಲ."