ಸತ್ಯಕಾಮನ ಉತ್ತರ

ಘಾಜಿಯಾಬಾದಿನ ವೈಶಾಲಿ ಮೆಟ್ರೊ ನಿಲ್ದಾಣದಲ್ಲಿ ಅಂಕಪಟ್ಟಿಗಳ ಕಡತವನ್ನು ಎದೆಗವಚಿಕೊಂಡು, ಅಂಗಿಯ ಇಸ್ತ್ರಿ ಕೆಡದಂತೆ ಜಾಗರೂಕರಾಗಿ ನಿಂತ ಉದ್ಯೋಗಾರ್ಥಿ ತರುಣರನ್ನು ಕಂಡಾಗಲೆಲ್ಲ, ಅರ್ಧ ಗಂಟೆಯ ಪ್ರಶ್ನೋತ್ತರದಿಂದ ಒಬ್ಬನು ಮತ್ತೊಬ್ಬನ ಯೋಗ್ಯತೆಯನ್ನು ಅಳೆಯಬಲ್ಲನೆ ಎಂಬ ಸಂದೇಹವು ನನ್ನನ್ನು ಬಾಧಿಸುತ್ತದೆ. ಕೇಂದ್ರ ಸರ್ಕಾರವೇನೋ 2016ರ ಜನವರಿಯಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು; ಖಾಸಗಿ ಕಚೇರಿಗಳಲ್ಲಿ ಅದು ಉಳಿದಿದೆ. ಛಾಂದೋಗ್ಯೋಪನಿಷತ್ತಿನ ಗುರು ಗೌತಮನಾದರೋ, ಗೋತ್ರವಾವುದೆಂಬ ತನ್ನ ಪ್ರಶ್ನೆಗೆ ಅದು ತಾಯಿಗೂ ತಿಳಿಯದೆಂದು ಮುಚ್ಚುಮರೆಯಿಲ್ಲದೆ ನುಡಿದ ಸತ್ಯಕಾಮನನ್ನು ಆ ನಿಜಕ್ಕಾಗಿಯೇ ಶಿಷ್ಯನನ್ನಾಗಿ ಸ್ವೀಕರಿಸಿದನು. ಎರಡು ವರ್ಷ ಕೆಲಸವಿಲ್ಲದೆ ಏಕಿದ್ದೆಯೆಂಬ ಪ್ರಶ್ನೆಗೆ, ಹಾಸಿಗೆ ಹಿಡಿದ ತಂದೆಯ ಶುಶ್ರೂಷೆಯಲ್ಲಿದ್ದೆನೆಂದು ಇಂದಿನ ತರುಣನು ನಿಜವನ್ನೇ ಹೇಳಿದಾಗ, ಅದನ್ನು ಅವನ ಕೊರತೆಯೆಂದು ಬರೆದುಕೊಳ್ಳುವುದು ವ್ಯವಹಾರಚಾತುರ್ಯವಲ್ಲ, ಅಧರ್ಮ. ಏಕೆಂದರೆ ಮುಂದಿನ ಕಚೇರಿಯ ಮೆಟ್ಟಿಲೇರುವಾಗ ಆ ಹುಡುಗನು ಒಂದು ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾನೆ.