ಮೇಣದ ಬತ್ತಿಯ ಮುಂದೆ ಒಂದು ಪ್ರಶ್ನೆ



ದೂರದ ಊರಿನಲ್ಲಿರುವ ನಿಮ್ಮ ಮಗನೋ ಮಗಳೋ ಡಿಸೆಂಬರ್ ತಿಂಗಳ ಒಂದು ರಾತ್ರಿ ಫೋನು ಮಾಡಿ, "ಅಮ್ಮಾ, ಈ ಸಲ ನಡುರಾತ್ರಿಯ ಬಲಿಪೂಜೆಗೆ ಹೋಗುವುದಿಲ್ಲ. ವಿಜ್ಞಾನಿಗಳು ಮಾತನಾಡುವ, ಗಾಯಕರು ಹಾಡುವ ಒಂದು ಕಾರ್ಯಕ್ರಮವಿದೆ. ನನ್ನ ಕ್ರಿಸ್ಮಸ್ ಅಷ್ಟೇ" ಎಂದರೆ ನೀವು ಏನು ಉತ್ತರ ಕೊಡುವಿರಿ? ಗದರಿಸುವಿರಾ? ಮೌನವಾಗಿ ಕಣ್ಣೊರೆಸಿಕೊಳ್ಳುವಿರಾ?

ಅಂಥ ಕಾರ್ಯಕ್ರಮ ನಿಜವಾಗಿಯೂ ಇದೆ. 2008ರ ಡಿಸೆಂಬರಿನಲ್ಲಿ ಲಂಡನ್ನಿನ ಬ್ಲೂಮ್ಸ್‌ಬರಿ ರಂಗಮಂದಿರದಲ್ಲಿ ರಾಬಿನ್ ಇನ್ಸ್ ಎಂಬ ಹಾಸ್ಯ ಕಲಾವಿದರು 'ದೇವರನ್ನು ನಂಬದವರಿಗಾಗಿ ಒಂಬತ್ತು ಪಾಠಗಳು ಮತ್ತು ಕ್ಯಾರಲ್‌ಗಳು' ಎಂಬ ಅರ್ಥದ ಹೆಸರಿನಲ್ಲಿ ಅದನ್ನು ಆರಂಭಿಸಿದರು. ರಿಚರ್ಡ್ ಡಾಕಿನ್ಸ್, ಸೈಮನ್ ಸಿಂಗ್ ಮೊದಲಾದವರು ವಿಜ್ಞಾನದ ಬೆರಗನ್ನು ಕುರಿತು ಮಾತನಾಡಿದರು; ನಡುನಡುವೆ ಸಂಗೀತ, ಹಾಸ್ಯಗಳಿದ್ದವು. ಮುಂದಿನ ವರ್ಷಗಳಲ್ಲಿ ಹೆಸರು ತುಸು ಮೃದುವಾಗಿ, 'ಕುತೂಹಲಿಗಳಿಗಾಗಿ' ಎಂದು ಬದಲಾಯಿತು.

ಆ ಹೆಸರಿನ ಮೂಲ ನಮ್ಮ ಕ್ರೈಸ್ತ ಪರಂಪರೆಯಲ್ಲಿಯೇ ಇದೆ. 1880ರ ಕ್ರಿಸ್ಮಸ್ ಮುನ್ನಾ ರಾತ್ರಿ ಇಂಗ್ಲೆಂಡಿನ ಟ್ರೂರೋ ಪಟ್ಟಣದಲ್ಲಿ ಆಂಗ್ಲಿಕನ್ ಬಿಷಪ್ ಬೆನ್ಸನ್ ಅವರು ಒಂಬತ್ತು ಬೈಬಲ್ ವಾಚನಗಳನ್ನು ಕ್ಯಾರಲ್ ಗೀತೆಗಳೊಂದಿಗೆ ಹೆಣೆದು ಒಂದು ಆರಾಧನೆಯನ್ನು ನಡೆಸಿದರು. ಮೊದಲನೆಯ ಮಹಾಯುದ್ಧ ಮುಗಿದ 1918ರಲ್ಲಿ, ರಣರಂಗದಲ್ಲಿ ಸೈನಿಕರ ಗುರುವಾಗಿ ಸೇವೆ ಸಲ್ಲಿಸಿ ಬಂದಿದ್ದ ಎರಿಕ್ ಮಿಲ್ನರ್-ವೈಟ್ ಅವರು ಅದನ್ನು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿಗೆ ತಂದರು. 1928ರಿಂದ ಅದು ರೇಡಿಯೋ ಮೂಲಕವೂ ಕೇಳಿಸತೊಡಗಿತು. ಆದಾಮನ ಪತನದಿಂದ ತೊಡಗುವ ಆ ವಾಚನಗಳು, ವಾರ್ತೆಯು ಮನುಷ್ಯನಾದ ಯೊವಾನ್ನನ ಶುಭಸಂದೇಶದಲ್ಲಿ ಕೊನೆಗೊಳ್ಳುತ್ತವೆ.

ಹಾಗಾದರೆ ಲಂಡನ್ನಿನಲ್ಲಿ ನಡೆದದ್ದು ಕಳವೇ? ತೀರ್ಪು ಕೊಡುವ ಮುನ್ನ ಇನ್ನೊಂದು ಪರಂಪರೆಯನ್ನು ನೋಡೋಣ. ಅದೇ ನಗರದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ 1825ರಿಂದ ಎಳೆಯರಿಗಾಗಿ ಕ್ರಿಸ್ಮಸ್ ಉಪನ್ಯಾಸಗಳು ನಡೆದುಬಂದಿವೆ. ಅವುಗಳಲ್ಲಿ ಹತ್ತೊಂಬತ್ತು ಸರಣಿಗಳನ್ನು ನೀಡಿದವರು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಲೇ ವಿಜ್ಞಾನ ಕಲಿತವರು. ಅವರು ಒಂದು ಮೇಣದ ಬತ್ತಿಯನ್ನು ಹಚ್ಚಿ ಮಕ್ಕಳ ಮುಂದೆ ನಿಂತರು. ಕರಗಿದ ಮೇಣ ಬತ್ತಿಯ ನೂಲಿನಲ್ಲಿ ಮೇಲೇರಿ ಆವಿಯಾಗುವುದನ್ನು, ಜ್ವಾಲೆಯೊಳಗಿನ ಇಂಗಾಲದ ಕಣಗಳು ಕಾದು ಹೊಳೆಯುವುದನ್ನು, ಉರಿಯುವ ಬತ್ತಿಯಿಂದ ನೀರೂ ಹುಟ್ಟುವುದನ್ನು ತೋರಿಸಿದರು. ಕೊನೆಗೆ, ನಾವು ಉಸಿರಾಡುವಾಗಲೂ ನಮ್ಮೊಳಗೆ ಇಂಥದೇ ಒಂದು ನಿಧಾನವಾದ ಉರಿ ನಡೆಯುತ್ತಿದೆ ಎಂದರು.

ಈ ಫ್ಯಾರಡೆ ಒಂದು ಚಿಕ್ಕ ಕ್ರೈಸ್ತ ಸಭೆಯ ಹಿರಿಯರಾಗಿದ್ದ ನಿಷ್ಠಾವಂತ ವಿಶ್ವಾಸಿ. ಆದರೂ ಜ್ವಾಲೆಯಲ್ಲಿ ವಿವರಣೆಗೆ ಸಿಗದ ಮೂಲೆಯೊಂದನ್ನು ಹುಡುಕಿ, ಅಲ್ಲಿ ದೇವರನ್ನು ಕೂರಿಸಲು ಅವರು ಹೋಗಲಿಲ್ಲ. ವಿವರಿಸಿದ ಮಾತ್ರಕ್ಕೆ ಬೆಳಕು ಕುಂದದು ಎಂಬುದನ್ನು ಅವರು ಬಲ್ಲವರಾಗಿದ್ದರು. ಸಕಲವೂ ವಾರ್ತೆಯ ಮುಖಾಂತರವೇ ಉಂಟಾಯಿತೆಂದು ನಂಬುವ ನಾವು, ಇಂಗಾಲದ ಕಣವನ್ನೂ ದೂರದ ನಕ್ಷತ್ರವನ್ನೂ ಕಂಡು ಬೆರಗಾಗುವವರಿಗೆ ಅಂಜಬೇಕೇಕೆ? ಮೂಡಣ ದೇಶದ ಜ್ಯೋತಿಷಿಗಳು ಇಸ್ರಯೇಲಿನ ವಿಶ್ವಾಸಕ್ಕೆ ಹೊರಗಿನವರು; ಆಕಾಶವನ್ನು ನೋಡುತ್ತಲೇ ಅವರು ಬೆತ್ಲೆಹೇಮಿಗೆ ಬಂದರು. ಧರ್ಮಗ್ರಂಥವನ್ನು ಬಲ್ಲ ಶಾಸ್ತ್ರಿಗಳೋ ಊರಿನ ಹೆಸರು ಹೇಳಿ ಜೆರುಸಲೇಮಿನಲ್ಲಿಯೇ ಉಳಿದರು.

ಇಷ್ಟನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬೆರಗು ತುಂಬಿದಾಗ ಮನುಷ್ಯನಿಗೆ ಕೃತಜ್ಞತೆ ಸಲ್ಲಿಸಬೇಕೆನಿಸುತ್ತದೆ. ಯಾರಿಗೆ? ದೇವರನ್ನು ನಂಬದ ಸಜ್ಜನರ ಉತ್ತರ ಹಗುರವಾದುದಲ್ಲ: ಹೆತ್ತವರಿಗೆ, ಕಲಿಸಿದವರಿಗೆ, ನಮಗಿಂತ ಮೊದಲು ದುಡಿದವರಿಗೆ ಎಂದು ಅವರು ಹೇಳುವರು. ಅದು ಸತ್ಯವೇ. ಆದರೆ ಹೆತ್ತವರೂ ಕಲಿಸಿದವರೂ ಈ ಲೋಕವನ್ನು ತಾವೂ ವರವಾಗಿಯೇ ಪಡೆದವರಲ್ಲವೇ? ನಮ್ಮ ವಿಶ್ವಾಸ ಆ ಕೃತಜ್ಞತೆಯನ್ನು ಅಲ್ಲಿಗೇ ನಿಲ್ಲಿಸದೆ ಮೂಲದಾತನವರೆಗೆ ಕೊಂಡೊಯ್ಯುತ್ತದೆ. ಅಷ್ಟೇ ಅಲ್ಲ, ನಕ್ಷತ್ರ ನಮ್ಮಿಂದ ಏನನ್ನೂ ಬೇಡುವುದಿಲ್ಲ. ಗೋದಲಿಯ ಶಿಶುವಾದರೋ ಬೇಡುತ್ತದೆ: ಆಶ್ರಯವನ್ನು, ಹಾಲನ್ನು, ನಮ್ಮ ಸಮಯವನ್ನು. ದೇವರು ನಮ್ಮ ಕೈಗೆ ಮಗುವಾಗಿ ಬಂದರೆಂಬುದನ್ನು ಯಾವ ದೂರದರ್ಶಕವೂ ತೋರಿಸಿಕೊಡಲಾರದು, ಅಲ್ಲಗಳೆಯಲೂ ಆರದು.

ಇನ್ನು ನಮ್ಮ ಮನೆಯತ್ತ ತಿರುಗೋಣ. ಹೊಸ ಬಟ್ಟೆ, ತಿಂಡಿ, ದೀಪಾಲಂಕಾರಗಳ ನಡುವೆ ಬೆರಗೂ ಇಲ್ಲದೆ, ಕೃತಜ್ಞತೆಯೂ ಇಲ್ಲದೆ ಹಬ್ಬವನ್ನು ಮುಗಿಸಿದ ವರ್ಷಗಳು ನಮಗಿಲ್ಲವೇ? ಯಾರಿಗೆ ವಂದಿಸಬೇಕೆಂದು ಬಲ್ಲ ನಾವೇ ವಂದಿಸಲು ಮರೆತರೆ, ಬಲ್ಲೆನೆಂದು ಹೇಳದವರನ್ನು ದೂರುವ ಹಕ್ಕು ನಮಗೆಲ್ಲಿಯದು? ಹಬ್ಬವು ಬರಿದಾಗುವುದು ಲಂಡನ್ನಿನ ರಂಗಮಂದಿರದಲ್ಲಿ ಮಾತ್ರವಲ್ಲ.

ಆದುದರಿಂದ ಆ ಫೋನು ಬಂದರೆ ಗದರಿಸಬೇಡಿ. ನಿಮಗೆ ನೋವಾಯಿತೆಂಬುದನ್ನು ಮುಚ್ಚಿಡಲೂ ಬೇಡಿ. "ನೀನು ಬರಬೇಕಿತ್ತು ಎಂದು ನನಗನಿಸುತ್ತದೆ ಮಗಾ. ಆದರೆ ಅಲ್ಲಿ ಏನು ಕೇಳಿದೆ, ನನಗೂ ಹೇಳು" ಎನ್ನಿ. ಅರ್ಥವಾಗದಿದ್ದರೂ ಕೊನೆಯವರೆಗೆ ಆಲಿಸಿ. ಅನಂತರ ಗೋದಲಿಯ ಮುಂದೆ ಮೇಣದ ಬತ್ತಿ ಹಚ್ಚಿ, ಆ ಮಗುವಿನ ಹೆಸರನ್ನು ಕುಟುಂಬ ಪ್ರಾರ್ಥನೆಯಲ್ಲಿ ಹೇಳಿ. ಆಕಾಶ ನೋಡುತ್ತ ನಡೆದವರನ್ನು ದೇವರು ಹಿಂದೊಮ್ಮೆ ದಾರಿ ತಪ್ಪದಂತೆ ಕರೆತಂದರು. ನಮ್ಮ ಕೆಲಸ, ಅವರು ಬಂದು ತಟ್ಟಿದಾಗ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು.